ಹಳೆ ಕಾರಿಗೆ ಯಾವ ಟೈರು?

ಪ್ರೀಮಿಯರ್ ಪದ್ಮಿನಿಯ ಮಾಲೀಕರೊಬ್ಬರು ಇವತ್ತು ಬೆಂಗಳೂರಿನ ಟೈರ್ ಅಂಗಡಿಗೆ ಹೋಗಿ ‘5.20-14 ಇದೆಯೇನಪ್ಪಾ’ ಎಂದು ಕೇಳಿದರೆ ಕೌಂಟರಿನಲ್ಲಿರುವ ಹುಡುಗ ತಬ್ಬಿಬ್ಬಾಗುವ ಸಂಭವವೇ ಹೆಚ್ಚು. ಆ ಅಳತೆ ಅವನು ಹುಟ್ಟುವುದಕ್ಕೂ ಮೊದಲಿನದು. ಕಂಪ್ಯೂಟರ್ ನೋಡಿ, ‘14 ಇಂಚಿನ ರಿಮ್ ಅಲ್ವಾ ಸರ್, 165/65 ಹಾಕ್ಬಿಡೋಣ, ಕೂತ್ಕೊಳ್ಳುತ್ತೆ’ ಎನ್ನುತ್ತಾನೆ. ಕೂತುಕೊಳ್ಳುವುದು ನಿಜ. ಆದರೆ ರಿಮ್ಮಿಗೆ ಕೂರುವುದು ಬೇರೆ, ಕಾರಿಗೆ ಒಗ್ಗುವುದು ಬೇರೆ.

ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ನಿಂತಿರುವ ಕಾರುಗಳಿಗೆ ಈ ತಾಪತ್ರಯವಿಲ್ಲ. ಅಲ್ಲಿ ಟೈರು ಕಾರಿನ ಭಾರ ಹೊತ್ತು, ನೋಡಲು ಅಂದವಾಗಿದ್ದರೆ ಸಾಕು. ಭಾನುವಾರ ಬೆಳಿಗ್ಗೆ ಮೈಸೂರು ರಸ್ತೆಗೆ ಇಳಿಯುವ, ಮಳೆಗಾಲದಲ್ಲಿ ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವ ಹಳೆ ಕಾರಿನ ಮಾತು ಬೇರೆ. ಅದಕ್ಕೆ ಹಿಡಿತ ಬೇಕು, ಬಾಳಿಕೆ ಬೇಕು, ಹಳೆಯ ರೂಪವೂ ಕೆಡಬಾರದು. ಈ ಮೂರನ್ನೂ ಕೊಡುವ ಟೈರು ಹುಡುಕುವಾಗ ಹೆಚ್ಚಿನವರು ಅಗಲ ಮತ್ತು ಬ್ರ್ಯಾಂಡ್ ನೋಡುತ್ತಾರೆ. ಅದಕ್ಕೂ ಮೊದಲು ನೋಡಬೇಕಾದದ್ದು ಎರಡು: ಕಾರನ್ನು ಯಾವ ಟೈರಿಗಾಗಿ ವಿನ್ಯಾಸ ಮಾಡಿದ್ದರು ಮತ್ತು ವರ್ಷಕ್ಕೆ ಅದು ಎಷ್ಟು ಕಿಲೋಮೀಟರ್ ಓಡುತ್ತದೆ. ಉಳಿದ ಎಲ್ಲ ತೀರ್ಮಾನಗಳೂ ಇವೆರಡರ ಹಿಂದೆಯೇ ಬರುತ್ತವೆ.

ನೈಲಾನ್ ಕಾಲದ ಕಾರು

ನಮ್ಮ ಮೆಕ್ಯಾನಿಕ್‌ಗಳು ‘ನೈಲಾನ್ ಟೈರ್’ ಎಂದು ಕರೆಯುವುದು ಕ್ರಾಸ್‌ಪ್ಲೈ ಟೈರನ್ನು. ಅದರೊಳಗಿನ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ, ಪರಸ್ಪರ ಅಡ್ಡ ಹಾಯ್ದಿರುತ್ತವೆ. ರೇಡಿಯಲ್‌ನಲ್ಲಿ ನೂಲು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಸಾಗುತ್ತದೆ. ರಸ್ತೆಗೆ ತಾಗುವ ಟ್ರೆಡ್ಡಿನ ಕೆಳಗೆ, ಸುತ್ತಲೂ ಉಕ್ಕಿನ ಬೆಲ್ಟ್ ಇರುತ್ತದೆ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಇದಕ್ಕೆ ಪೇಟೆಂಟ್ ಪಡೆದು, 1949ರಲ್ಲಿ ‘ಮಿಶೆಲಿನ್ ಎಕ್ಸ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಭಾರತದಲ್ಲಿ ಜೆಕೆ ಟೈರ್ 1977ರಲ್ಲಿ ರೇಡಿಯಲ್ ತಂದರೂ ಕಾರುಗಳೆಲ್ಲ ಅದಕ್ಕೆ ಹೊರಳಲು ಹಲವು ವರ್ಷ ಹಿಡಿಯಿತು. ಕರ್ನಾಟಕ ಸರ್ಕಾರದ ಬೆಂಬಲದಿಂದ ಮೈಸೂರಿನಲ್ಲಿ ಹುಟ್ಟಿದ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆಯ ತೆಕ್ಕೆಗೆ ಹೋಯಿತು. ಇವತ್ತು ರೇಡಿಯಲ್ ಟೈರುಗಳು ತಯಾರಾಗುವ ಊರುಗಳಲ್ಲಿ ಮೈಸೂರೂ ಒಂದು.

ಎರಡರ ನಡತೆಯೂ ಬೇರೆ. ಕ್ರಾಸ್‌ಪ್ಲೈ ತಿರುವಿನಲ್ಲಿ ಇಡೀ ಮೈ ಬಾಗಿಸುತ್ತದೆ. ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ವಾಲಿದಂತೆ ಟ್ರೆಡ್ಡೂ ಸೊಟ್ಟಗಾಗಿ ರಸ್ತೆಯಿಂದ ಅರೆಬರೆ ಏಳುತ್ತದೆ. ಹಿಡಿತ ಕಡಿಮೆ, ಆದರೆ ಅದು ಜಾರುವುದು ನಿಧಾನವಾಗಿ. ಚಾಲಕನಿಗೆ ಮುನ್ಸೂಚನೆ ಸಿಗುತ್ತದೆ. ರೇಡಿಯಲ್‌ನ ಸೈಡ್‌ವಾಲ್ ಬಾಗಿದರೂ ಟ್ರೆಡ್ಡು ರಸ್ತೆಗೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಹಿಡಿತ ಹೆಚ್ಚು, ಬಿಸಿ ಕಡಿಮೆ, ಸವೆತವೂ ನಿಧಾನ. ಆದರೆ ಮಿತಿ ಮೀರಿದಾಗ ಅದು ಕೈಬಿಡುವುದು ಕ್ರಾಸ್‌ಪ್ಲೈಗಿಂತ ಥಟ್ಟನೆ.

ನಿತ್ಯ ಓಡಿಸುವ ಹಳೆ ಕಾರಿಗೆ ರೇಡಿಯಲ್ ಒಳ್ಳೆಯದು ಎಂಬುದರಲ್ಲಿ ಅನುಮಾನವಿಲ್ಲ. ಷರತ್ತು ಇಷ್ಟೇ: ನಾಲ್ಕಕ್ಕೂ ನಾಲ್ಕು ರೇಡಿಯಲ್ ಆಗಿರಬೇಕು. ಒಂದೇ ಆಕ್ಸೆಲ್ಲಿನಲ್ಲಿ ಎರಡನ್ನೂ ಬೆರೆಸುವುದು ಅಪಾಯಕರ. ಮುಂದೆ ರೇಡಿಯಲ್, ಹಿಂದೆ ನೈಲಾನ್ ಹಾಕಿದರಂತೂ ಮುಂಭಾಗ ಗಟ್ಟಿಯಾಗಿ ಕಚ್ಚಿಕೊಂಡು, ಹಿಂಭಾಗ ಒದ್ದೆ ರಸ್ತೆಯಲ್ಲಿ ಏಕಾಏಕಿ ಪಕ್ಕಕ್ಕೆ ಹೊರಳುತ್ತದೆ. ಬ್ರಿಟನ್ನಿನಲ್ಲಿ ಈ ಜೋಡಣೆಗೆ ಕಾನೂನೇ ಅಡ್ಡ ನಿಂತಿದೆ.

ಅಳತೆಯ ಲೆಕ್ಕ

ಹಳೆಯ ಸಂಖ್ಯೆಗಳನ್ನು ಓದುವುದು ಕಷ್ಟವಲ್ಲ. 5.20-14 ಎಂದರೆ ಟೈರಿನ ಅಗಲ 5.20 ಇಂಚು, ಅಂದರೆ ಸುಮಾರು 132 ಮಿಲಿಮೀಟರ್; ರಿಮ್ಮಿನ ವ್ಯಾಸ 14 ಇಂಚು. ರಿಮ್ಮಿನಿಂದ ಟ್ರೆಡ್ಡಿನವರೆಗಿನ ಎತ್ತರದ ಪ್ರಸ್ತಾಪವೇ ಇಲ್ಲ, ಏಕೆಂದರೆ ಆ ಕಾಲದ ಟೈರಿನ ಎತ್ತರ ಅದರ ಅಗಲಕ್ಕೆ ಬಹುತೇಕ ಸಮವಾಗಿರುತ್ತಿತ್ತು. ಮೊದಮೊದಲ ರೇಡಿಯಲ್‌ಗಳಲ್ಲೂ 165 R15 ಎಂದಷ್ಟೇ ಬರೆಯುತ್ತಿದ್ದರು. ಅವುಗಳ ಎತ್ತರ ಅಗಲದ ಸುಮಾರು 80ರಿಂದ 82%. ಈಗಿನ 165/65 R14ರಲ್ಲಿ ನಡುವಿನ 65 ಹೇಳುವುದು ಇದನ್ನೇ: ಎತ್ತರ ಅಗಲದ 65%.

ಪದ್ಮಿನಿಯ ಮೂಲ ಟೈರಿನ ಒಟ್ಟು ವ್ಯಾಸ ಸುಮಾರು 610 ಮಿಲಿಮೀಟರ್. ಅಂಗಡಿಯ ಹುಡುಗ ತೋರಿಸಿದ 165/65 R14ರ ವ್ಯಾಸ 570. ನಲವತ್ತು ಮಿಲಿಮೀಟರ್ ಕಡಿಮೆಯಾದರೆ ಏನಾಯಿತು ಎನಿಸಬಹುದು. ಕಾರು 20 ಮಿಲಿಮೀಟರ್ ತಗ್ಗುತ್ತದೆ, ಹಂಪ್‌ಗಳಿಗೆ ತಳ ತಾಗುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ಕಾರು ಓಡುವುದು 56ರಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ವೇಗಕ್ಕೆ ಎಂಜಿನ್ 7% ಹೆಚ್ಚು ಸುತ್ತಬೇಕು. 1089 ಸಿಸಿಯ, ಸುಮಾರು 40 ಅಶ್ವಶಕ್ತಿಯ, ನಾಲ್ಕೇ ಗೇರಿನ ಆ ಪುಟ್ಟ ಎಂಜಿನ್ ಹೆದ್ದಾರಿಯಲ್ಲಿ ಮೊದಲೇ ದುಡಿದು ದಣಿಯುತ್ತಿರುತ್ತದೆ. ಅದರ ಮೇಲೆ ಈ ಹೊರೆ ಬೇಡ.

ಮೂಲ ವ್ಯಾಸಕ್ಕಿಂತ 3%ಕ್ಕೂ ಹೆಚ್ಚು ಏರುಪೇರಾಗಬಾರದು ಎನ್ನುವುದು ಟೈರ್ ವ್ಯಾಪಾರದಲ್ಲಿ ಪಾಲಿಸುತ್ತ ಬಂದ ರೂಢಿ. 155/80 R14ರ ವ್ಯಾಸ ಸುಮಾರು 604, ಮೂಲಕ್ಕಿಂತ ಬರೀ 1% ಕಡಿಮೆ. ಮಾರುತಿ ಸ್ವಿಫ್ಟ್‌ನ ಕಡಿಮೆ ಬೆಲೆಯ ಮಾದರಿಗಳಿಗೆ ಬರುತ್ತಿದ್ದ 165/80 R14ರದ್ದು 620, ಒಂದೂವರೆ ಶೇಕಡಾ ಹೆಚ್ಚು. ಎರಡೂ ಲೆಕ್ಕಕ್ಕೆ ಸರಿಹೊಂದುತ್ತವೆ. ಎರಡನೆಯದನ್ನು ಆರಿಸಿದರೆ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂಬದಿ ಸೀಟಿನಲ್ಲಿ ಮೂವರನ್ನು ಕೂರಿಸಿ, ಮಡ್‌ಗಾರ್ಡಿಗೆ ಟೈರು ತಾಗುತ್ತದೆಯೇ ಎಂದು ನೋಡಿಕೊಳ್ಳಬೇಕು. ರಿಮ್ಮಿನ ಅಗಲವನ್ನೂ ಅಳೆಯಬೇಕು. 175/70 ಟೈರಿಗೆ 4.5ರಿಂದ 6 ಇಂಚು ಅಗಲದ ರಿಮ್ ಬೇಕು. ಹಳೆ ಕಾರಿನ ಕಿರಿದಾದ ರಿಮ್ಮಿಗೆ ಇಂಥದ್ದನ್ನು ತುರುಕಿದರೆ ಸೈಡ್‌ವಾಲ್ ಹೊರಗೆ ಉಬ್ಬಿ, ಟ್ರೆಡ್ಡು ನಡುವೆ ಮಾತ್ರ ಸವೆಯುತ್ತದೆ.

ಗಾತ್ರದ ಪಕ್ಕದಲ್ಲೇ ಒಂದು ಸಂಖ್ಯೆ ಮತ್ತು ಒಂದು ಅಕ್ಷರ ಇರುತ್ತವೆ, ಉದಾಹರಣೆಗೆ 78T. ಸಂಖ್ಯೆ ಹೊರುವ ಭಾರವನ್ನು ಹೇಳುತ್ತದೆ: 75 ಎಂದರೆ ಒಂದು ಟೈರಿಗೆ 387 ಕಿಲೋ, 78 ಎಂದರೆ 425, 82 ಎಂದರೆ 475. ಅಕ್ಷರ ವೇಗದ ಮಿತಿ: S ಎಂದರೆ ಗಂಟೆಗೆ 180 ಕಿಲೋಮೀಟರ್, T 190, H 210, V 240. ಪದ್ಮಿನಿ, ಅಂಬಾಸಿಡರ್‌ಗಳಿಗೆ S ಧಾರಾಳವಾಯಿತು. ಭಾರದ ಸಂಖ್ಯೆಯಲ್ಲಿ ಮಾತ್ರ ರಾಜಿ ಸಲ್ಲದು. ಹಳೆ ಸೆಡಾನ್‌ಗಳ ಹಿಂಬದಿ ಸ್ಪ್ರಿಂಗ್‌ಪಟ್ಟಿಗಳ ಮೇಲೆ ಐದು ಜನ ಮತ್ತು ಮದುವೆಗೆ ಹೊರಟ ಸಾಮಾನು ಎರಡೂ ಬೀಳುತ್ತವೆ.

ಅಗಲ ಹೆಚ್ಚಿದರೆ ಹಿಡಿತ ಹೆಚ್ಚುವುದೇ?

ಒಣ ರಸ್ತೆಯಲ್ಲಿ, ಆಧುನಿಕ ಸಸ್ಪೆನ್ಷನ್ ಇರುವ ಕಾರಿನಲ್ಲಿ ಬಹುಮಟ್ಟಿಗೆ ಹೌದು. ಹಳೆ ಕಾರಿನಲ್ಲಿ ಹಾಗೆ ಹೇಳಲಾಗದು. 50 ಮತ್ತು 60ರ ದಶಕದ ಎಷ್ಟೋ ಕಾರುಗಳ ಮುಂದಿನ ಚಕ್ರಗಳ ತಲೆ ಹೊರಕ್ಕೆ ವಾಲುವಂತೆ ಜೋಡಿಸುತ್ತಿದ್ದರು, ಏಕೆಂದರೆ ದುಂಡನೆಯ ಕ್ರಾಸ್‌ಪ್ಲೈಗೆ ಅದು ಒಗ್ಗುತ್ತಿತ್ತು. ಅದೇ ಕಾರಿಗೆ ಅಗಲವಾದ, ಚಪ್ಪಟೆ ರೇಡಿಯಲ್ ಹಾಕಿದರೆ ತಿರುವಿನಲ್ಲಿ ಟೈರಿನ ಹೊರ ಅಂಚು ಮಾತ್ರ ಕೆಲಸ ಮಾಡುತ್ತದೆ. ದುಡ್ಡು ಕೊಟ್ಟ ಅಗಲದಲ್ಲಿ ಅರ್ಧ ಗಾಳಿಯಲ್ಲಿರುತ್ತದೆ.

ಓಟದ ಕಾರುಗಳನ್ನು ರೂಪಿಸುತ್ತಿದ್ದ ಅಮೆರಿಕದ ಕ್ಯಾರಲ್ ಶೆಲ್ಬಿ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. 1965ರಲ್ಲಿ ಸಾಮಾನ್ಯ ಫೋರ್ಡ್ ಮಸ್ಟಾಂಗನ್ನು ಜಿಟಿ350 ಎಂಬ ಓಟದ ಕುದುರೆಯಾಗಿಸುವಾಗ ಅವರ ತಂಡ ಗುಡ್‌ಇಯರ್‌ನ 7.75-15 ಬ್ಲೂ ಡಾಟ್ ಟೈರುಗಳನ್ನು ಹಾಕಿ ಸುಮ್ಮನಾಗಲಿಲ್ಲ. ಮುಂದಿನ ಸಸ್ಪೆನ್ಷನ್‌ನ ಮೇಲ್ತೋಳಿನ ಕೀಲನ್ನು ಒಂದು ಇಂಚು ಕೆಳಗಿಳಿಸಿತು. ಕಾರು ತಿರುವಿನಲ್ಲಿ ವಾಲಿದಾಗ ಚಕ್ರ ನೆಟ್ಟಗೆ ನಿಂತು ಟೈರು ಪೂರ್ತಿಯಾಗಿ ನೆಲಕ್ಕೆ ತಾಗಲಿ ಎಂಬುದು ಉದ್ದೇಶ. ಇವತ್ತಿಗೂ ಮಸ್ಟಾಂಗ್ ಮಾಲೀಕರು ರೇಡಿಯಲ್ ಹಾಕಿಸುವಾಗ ಆ ಬದಲಾವಣೆಯನ್ನು ‘ಶೆಲ್ಬಿ ಡ್ರಾಪ್’ ಎಂದೇ ಕರೆದು ಮಾಡಿಸಿಕೊಳ್ಳುತ್ತಾರೆ. ಗಾತ್ರದ ವಿಷಯದಲ್ಲಿ ಅವರ ಎಚ್ಚರವೂ ಗಮನಿಸುವಂಥದ್ದು. ಮೂಲದ 6.95-14ಕ್ಕೆ ಬದಲಾಗಿ 195/75 R14 ಅಥವಾ ಹೆಚ್ಚೆಂದರೆ 205/70 R14ಕ್ಕೆ ಹೋಗುವವರೇ ರಸ್ತೆಯಲ್ಲಿ ನೆಮ್ಮದಿಯಾಗಿ ಓಡಿಸುತ್ತಾರೆ.

ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಇನ್ನೂ ಸೂಕ್ಷ್ಮ. ಅದರ ಹಿಂಚಕ್ರಗಳು ಸ್ವಿಂಗ್ ಆಕ್ಸೆಲ್ ಮೇಲೆ ನಿಂತಿವೆ. ವೇಗವಾಗಿ ತಿರುಗಿಸುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ಮೇಲೆದ್ದು ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಟೈರಿನ ಹಿಡಿತ ಹೆಚ್ಚಿದಷ್ಟೂ ಆ ಎತ್ತುವ ಬಲವೂ ಹೆಚ್ಚುತ್ತದೆ. ಅಂಥ ಕಾರಿಗೆ ಓಟದ ಮೈದಾನದ ಮೆತ್ತನೆಯ ರಬ್ಬರ್ ಹಾಕುವುದೆಂದರೆ ಕಾರಿನ ಅತಿ ದುರ್ಬಲ ಜಾಗವನ್ನು ಹುಡುಕಿ ಅಲ್ಲೇ ಒತ್ತಿದಂತೆ.

ಮಳೆಯ ವಿಷಯದಲ್ಲಂತೂ ಕಿರಿದಾದ ಟೈರಿನದ್ದೇ ಮೇಲುಗೈ. ನೀರನ್ನು ಪಕ್ಕಕ್ಕೆ ತಳ್ಳಲು ಅದಕ್ಕೆ ಕಡಿಮೆ ಶ್ರಮ ಸಾಕು. ನೀರಿನ ಮೇಲೆ ಟೈರು ತೇಲುವುದನ್ನು ಅಮೆರಿಕದ ನಾಸಾ 60ರ ದಶಕದಲ್ಲಿ ವಿಮಾನಗಳಿಗಾಗಿ ಅಧ್ಯಯನ ಮಾಡಿ, ತೇಲುವ ವೇಗ ಟೈರಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅವಲಂಬಿಸಿದೆ ಎಂದು ತೋರಿಸಿತು. ಆ ಸೂತ್ರದ ಪ್ರಕಾರ 25 ಪಿಎಸ್‌ಐ ಒತ್ತಡದ ಟೈರು ಸುಮಾರು 83 ಕಿಲೋಮೀಟರ್ ವೇಗದಲ್ಲಿ, 30 ಪಿಎಸ್‌ಐ ಒತ್ತಡದ್ದು ಸುಮಾರು 91ರಲ್ಲಿ ತೇಲತೊಡಗುತ್ತದೆ. ಟ್ರೆಡ್ಡಿನ ಆಳ, ನೀರಿನ ಆಳಗಳಿಂದ ಈ ಅಂಕಿ ಬದಲಾಗುತ್ತದೆ. ಆದರೂ ಗಾಳಿ ಇಳಿದ ಟೈರು ಮಳೆಯಲ್ಲಿ ಏಕೆ ಬೇಗ ಜಾರುತ್ತದೆ ಎಂಬುದು ಇದರಿಂದ ಸ್ಪಷ್ಟ. ಟ್ರೆಡ್ಡಿನ ತೋಡುಗಳಲ್ಲಿ 1.6 ಮಿಲಿಮೀಟರ್ ಎತ್ತರದ ಸಣ್ಣ ದಿಂಡುಗಳಿರುತ್ತವೆ. ಸವೆತ ಅಲ್ಲಿಗೆ ಬಂದರೆ ಟೈರಿನ ಆಯುಸ್ಸು ಮುಗಿಯಿತು. ಮಲೆನಾಡಿನ, ಕರಾವಳಿಯ ಮಳೆಯಲ್ಲಿ ಓಡಿಸುವವರು ಅದಕ್ಕೂ ಬಹಳ ಮೊದಲೇ, 3 ಮಿಲಿಮೀಟರ್ ಉಳಿದಿರುವಾಗಲೇ ಬದಲಿಸುವುದು ಜಾಣತನ.

400 ಎಂಬ ಅಂಕಿ ಹೇಳುವುದೇನು?

ಅನೇಕ ಟೈರುಗಳ ಪಕ್ಕದಲ್ಲಿ ‘ಟ್ರೆಡ್‌ವೇರ್ 400, ಟ್ರಾಕ್ಷನ್ ಎ, ಟೆಂಪರೇಚರ್ ಬಿ’ ಎಂಬಂಥ ಬರಹ ಇರುತ್ತದೆ. ಇದು ಅಮೆರಿಕ ಸರ್ಕಾರ ರೂಪಿಸಿದ ಶ್ರೇಣಿ ಪದ್ಧತಿ. ಟೆಕ್ಸಾಸ್‌ನ ಸ್ಯಾನ್ ಏಂಜಲೋ ಊರಿನ ಸುತ್ತ ಸುಮಾರು 640 ಕಿಲೋಮೀಟರ್ ಉದ್ದದ ಹಾದಿಯಲ್ಲಿ ಪರೀಕ್ಷೆಯ ಟೈರು ಹಾಕಿದ ಕಾರುಗಳನ್ನೂ ಹೋಲಿಕೆಯ ಟೈರು ಹಾಕಿದ ಕಾರನ್ನೂ ಸಾಲಾಗಿ ಓಡಿಸುತ್ತಾರೆ. ಒಟ್ಟು 7,200 ಮೈಲಿ, ಅಂದರೆ ಸುಮಾರು 11,600 ಕಿಲೋಮೀಟರ್ ಓಡಿದ ಮೇಲೆ ಸವೆತ ಅಳೆಯುತ್ತಾರೆ. ಹೋಲಿಕೆಯ ಟೈರಿಗೆ 100 ಅಂಕವಾದರೆ 400 ಅಂಕದ್ದು ಆ ಹಾದಿಯಲ್ಲಿ ಅದರ ನಾಲ್ಕು ಪಟ್ಟು ಬಾಳುತ್ತದೆ ಎಂದರ್ಥ. ಅಂಕವನ್ನು ಟೈರಿನ ಮೇಲೆ ಅಚ್ಚೊತ್ತುವವರು ತಯಾರಕರೇ ಆದ್ದರಿಂದ ಒಂದು ಕಂಪನಿಯ 400 ಇನ್ನೊಂದರ 400ಕ್ಕೆ ಪೂರ್ತಿ ಸಮ ಎಂದು ನಂಬುವಂತಿಲ್ಲ. ಟ್ರಾಕ್ಷನ್ ಅಕ್ಷರ ಒದ್ದೆ ರಸ್ತೆಯಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತವನ್ನು ಮಾತ್ರ ಹೇಳುತ್ತದೆ, ತಿರುವಿನದ್ದನ್ನಲ್ಲ.

ಹಿಡಿತಕ್ಕೂ ಬಾಳಿಕೆಗೂ ಜಗಳ ರಬ್ಬರಿನಲ್ಲೇ ಇದೆ. ಮೆತ್ತನೆಯ ರಬ್ಬರ್ ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು, ಅಲ್ಲಿ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಹಿಡಿತ ಹುಟ್ಟುವುದು ಅಲ್ಲಿಂದ, ಸವೆತವೂ ಅಲ್ಲಿಂದಲೇ. 90ರ ದಶಕದ ಆರಂಭದಲ್ಲಿ ಮಿಶೆಲಿನ್ ಟ್ರೆಡ್ಡಿನ ರಬ್ಬರಿಗೆ ಇಂಗಾಲದ ಪುಡಿಯ ಬದಲು ಹೆಚ್ಚು ಸಿಲಿಕಾ ಬೆರೆಸಿದ ಮೇಲೆ ಈ ಜಗಳ ಸ್ವಲ್ಪ ತಣ್ಣಗಾಯಿತು; ಬಾಳಿಕೆ ಹೆಚ್ಚು ಕೆಡದೆ ಒದ್ದೆ ರಸ್ತೆಯ ಹಿಡಿತ ಸುಧಾರಿಸಿತು. ಹಾಗಾಗಿಯೇ ಹಳೆಯ ಟ್ರೆಡ್ ವಿನ್ಯಾಸ ಉಳಿಸಿಕೊಂಡು ಒಳಗೆ ಹೊಸ ರಬ್ಬರ್ ಬಳಸುವ ಟೈರುಗಳು ಹಳೆ ಕಾರಿನವರಿಗೆ ವರ. ಪಿರೆಲ್ಲಿಯ ಕೊಲೆಜಿಯೋನೆ ಸರಣಿ ಈ ಬಗೆಯದು. ಅಪೊಲೊ ಟೈರ್ಸ್ 2009ರಲ್ಲಿ ಕೊಂಡುಕೊಂಡ ನೆದರ್ಲೆಂಡ್ಸಿನ ವ್ರೆಡೆಸ್ಟೈನ್ ಕಂಪನಿ ಹಳೆ ಕಾರುಗಳಿಗೆಂದೇ ‘ಸ್ಪ್ರಿಂಟ್ ಕ್ಲಾಸಿಕ್’ ಟೈರು ಮಾಡುತ್ತದೆ. ಅಮೆರಿಕದ ಹಳೆ ಕಾರುಗಳವರ ಮೆಚ್ಚಿನದು 1970ರಲ್ಲಿ ಬಂದ ಬಿಎಫ್‌ಗುಡ್ರಿಚ್ ರೇಡಿಯಲ್ ಟಿ/ಎ. ಬಿಳಿ ಉಬ್ಬಕ್ಷರಗಳ ಆ ಟೈರಿಗೆ ಟ್ರೆಡ್‌ವೇರ್ ಅಂಕ 400, ವೇಗದ ಅಕ್ಷರ S. ಅದು ರೂಪಕ್ಕೂ ಬಾಳಿಕೆಗೂ ಹೆಸರಾದದ್ದು. ತೀಕ್ಷ್ಣ ಹಿಡಿತ ಬೇಕೆನ್ನುವವರು 200ರ ಆಸುಪಾಸಿನ ಅಂಕದ ಟೈರುಗಳತ್ತ ಹೋಗುತ್ತಾರೆ.

ಹಾಗಾದರೆ ಯಾರಿಗೆ ಯಾವುದು? ಉತ್ತರ ಓಡೋಮೀಟರಿನಲ್ಲಿದೆ. ವರ್ಷಕ್ಕೆ 2,000 ಕಿಲೋಮೀಟರ್ ಮಾತ್ರ ಓಡುವ ಕಾರಿಗೆ 40,000 ಕಿಲೋಮೀಟರ್ ಬಾಳುವ ಟೈರು ಹಾಕಿದರೆ ಟ್ರೆಡ್ ಸವೆಯಲು 20 ವರ್ಷ ಬೇಕು. ಅಷ್ಟರೊಳಗೆ ರಬ್ಬರೇ ಕೆಟ್ಟಿರುತ್ತದೆ. ಅಂಥವರು ಟ್ರೆಡ್‌ವೇರ್ ಅಂಕದ ಹಿಂದೆ ಬೀಳದೆ, ಒದ್ದೆಯಲ್ಲಿ ಚೆನ್ನಾಗಿ ಕಚ್ಚುವ, ಸ್ವಲ್ಪ ಮೆತ್ತನೆಯ ಟೈರನ್ನು ಧೈರ್ಯವಾಗಿ ಆರಿಸಬಹುದು. ಸವೆಯುವ ಮೊದಲೇ ಅದನ್ನು ಹೇಗೂ ಬದಲಿಸಬೇಕಾಗುತ್ತದೆ. ದಿನವೂ ಆಫೀಸಿಗೆ ಅಂಬಾಸಿಡರ್‌ನಲ್ಲೇ ಹೋಗಿಬರುವವರಿಗೆ 400ರ ಮೇಲಿನ ಅಂಕದ ಟೈರೇ ಸರಿ. ನಮ್ಮ ಹವೆಗೆ ಹಿಮದ ಗುರುತಿನ ಟೈರು ಆಮದು ಮಾಡಿಕೊಳ್ಳುವ ಅಗತ್ಯವಿಲ್ಲ. ಬೇಸಿಗೆ ಟೈರಿನ ರಬ್ಬರ್ ಬಿರುಸಾಗತೊಡಗುವುದು ಸುಮಾರು 7 ಡಿಗ್ರಿಗಿಂತ ಕೆಳಗೆ, ಕರ್ನಾಟಕದ ರಸ್ತೆಗಳಲ್ಲಿ ಅಂಥ ಚಳಿ ಅಪರೂಪ.

ನಿಂತಲ್ಲೇ ಮುದಿಯಾಗುವ ರಬ್ಬರ್

ಹಳೆ ಕಾರಿನ ಟೈರಿಗೆ ನಿಜವಾದ ಶತ್ರು ಕಿಲೋಮೀಟರ್ ಅಲ್ಲ, ವರ್ಷ. ಗಾಳಿಯ ಆಮ್ಲಜನಕ ರಬ್ಬರನ್ನು ಒಳಗಿನಿಂದ ಬಿರುಸಾಗಿಸುತ್ತದೆ, ಓಝೋನ್ ಹೊರಗಿನಿಂದ ಬಿರುಕು ಬಿಡಿಸುತ್ತದೆ. ಇದನ್ನು ತಡೆಯಲು ರಬ್ಬರಿನಲ್ಲಿ ರಕ್ಷಕ ರಾಸಾಯನಿಕಗಳನ್ನೂ ಮೇಣವನ್ನೂ ಬೆರೆಸಿರುತ್ತಾರೆ. ಟೈರು ಉರುಳಿ ಬಾಗಿದಾಗ ಅವು ಮೇಲಕ್ಕೆ ಬಂದು ತೆಳುವಾದ ಹೊದಿಕೆಯಾಗುತ್ತವೆ. ತಿಂಗಳುಗಟ್ಟಲೆ ನಿಂತ ಕಾರಿನ ಟೈರಿಗೆ ಆ ಹೊದಿಕೆ ಸಿಗುವುದಿಲ್ಲ. ಪೆಟ್ರೋಲಿಯಂ ಬೆರೆತ ಪಾಲಿಶ್ ಹಚ್ಚಿ ಮಿರಮಿರ ಮಿಂಚಿಸುವವರು ಇದ್ದ ಹೊದಿಕೆಯನ್ನೂ ತೊಳೆದು ಹಾಕುತ್ತಾರೆ.

2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದಲ್ಲಿ ನಟ ಪಾಲ್ ವಾಕರ್ ಸಾವಿಗೆ ಕಾರಣವಾದ ಅಪಘಾತದಲ್ಲಿ ಪೋರ್ಶೆ ಕರೇರಾ ಜಿಟಿ ಕಾರು ನುಚ್ಚುನೂರಾಯಿತು. ಅತಿವೇಗವೇ ಕಾರಣ ಎಂದು ತನಿಖೆ ಹೇಳಿತು. ಅದರೊಂದಿಗೆ ಆ ಕಾರಿನ ಟೈರುಗಳು ಒಂಬತ್ತು ವರ್ಷ ಹಳೆಯವಾಗಿದ್ದುದನ್ನೂ ತನಿಖಾಧಿಕಾರಿಗಳು ಎತ್ತಿ ತೋರಿಸಿದರು.

ಟೈರಿನ ಹುಟ್ಟಿದ ದಿನ ಅದರ ಮೈಮೇಲೇ ಇರುತ್ತದೆ. ‘ಡಾಟ್’ ಎಂಬ ಗುರುತಿನ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 3223 ಎಂದಿದ್ದರೆ 2023ನೇ ಇಸವಿಯ 32ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಮೊದಲಿನದು, ಟ್ರೆಡ್ ಎಷ್ಟೇ ಚೆನ್ನಾಗಿದ್ದರೂ ಮುಟ್ಟಬಾರದು. ಐದು ವರ್ಷ ದಾಟಿದ ಟೈರನ್ನು ಪ್ರತಿವರ್ಷ ತಪಾಸಣೆ ಮಾಡಿಸಬೇಕು, ಹತ್ತು ವರ್ಷವಾದರೆ ಹೇಗಿದ್ದರೂ ತೆಗೆಯಬೇಕು ಎಂಬುದು ಮಿಶೆಲಿನ್‌ನ ಸಲಹೆ. ಆರು ವರ್ಷಕ್ಕೇ ಬದಲಿಸಿ ಎನ್ನುವ ಕಾರು ಕಂಪನಿಗಳೂ ಇವೆ. ಅಪರೂಪದ ಅಳತೆಯ ಟೈರು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿರುವುದು ಸಾಮಾನ್ಯ. ಆದ್ದರಿಂದ ಹಣ ಕೊಡುವ ಮೊದಲು ಈ ನಾಲ್ಕು ಅಂಕಿಯನ್ನು, ಜೊತೆಗೆ ಐಎಸ್‌ಐ ಗುರುತನ್ನು ಕಣ್ಣಾರೆ ನೋಡಬೇಕು.

ಹಾಕಿಸುವ ದಿನ

ಟೈರಿನಷ್ಟೇ ಗಮನ ರಿಮ್ಮಿಗೂ ಬೇಕು. ಐವತ್ತು ವರ್ಷದ ಉಕ್ಕಿನ ರಿಮ್ಮಿನಲ್ಲಿ ನಟ್ಟಿನ ರಂಧ್ರಗಳ ಸುತ್ತ ಬಿರುಕು, ಅಂಚಿನಲ್ಲಿ ತುಕ್ಕು ಇರಬಹುದು; ರೇಡಿಯಲ್‌ನ ಹೆಚ್ಚಿನ ಹಿಡಿತ ಅಲ್ಲಿ ಹೊಸ ಒತ್ತಡ ಹಾಕುತ್ತದೆ. ಬಣ್ಣ ಕೆರೆಸಿ ಪರೀಕ್ಷಿಸಿದ ಮೇಲೆಯೇ ಟೈರು ಹಾಕಿಸಬೇಕು. ಟೈರಿನ ಅಂಚು ಜಾರದಂತೆ ಹಿಡಿಯುವ ಉಬ್ಬು ಹಳೆಯ ರಿಮ್‌ಗಳಲ್ಲಿ ಇರುವುದಿಲ್ಲ, ಹಾಗಾಗಿ ಟ್ಯೂಬ್‌ಲೆಸ್ ಟೈರನ್ನೂ ಟ್ಯೂಬಿನೊಂದಿಗೇ ಹಾಕಬೇಕಾಗುತ್ತದೆ. ಟ್ಯೂಬ್ ರೇಡಿಯಲ್‌ಗೆಂದೇ ಮಾಡಿದ್ದಿರಲಿ. ಟೈರಿನ ಒಳಗೆ ಅಂಟಿಸಿದ ಚೀಟಿಗಳನ್ನು ಕೀಳಿಸಲಿ, ಇಲ್ಲದಿದ್ದರೆ ಅವು ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುತ್ತವೆ.

ಗಾಳಿಯ ಲೆಕ್ಕವೂ ಬದಲಾಗುತ್ತದೆ. ಕ್ರಾಸ್‌ಪ್ಲೈ ಕಾಲದ ಕೈಪಿಡಿಯಲ್ಲಿರುವ 22, 24 ಪಿಎಸ್‌ಐ ರೇಡಿಯಲ್‌ಗೆ ಸಾಲದು. ಹಗುರ ಸೆಡಾನ್‌ಗಳಿಗೆ 26ರಿಂದ 30ರ ನಡುವೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕಡಿಮೆ ಗಾಳಿ, ಭಾರ, ಬೇಸಿಗೆಯ ಬಿಸಿ ಸೇರಿದರೆ ಏನಾಗುತ್ತದೆ ಎಂಬುದನ್ನು 2000ನೇ ಇಸವಿಯ ಫೈರ್‌ಸ್ಟೋನ್ ಪ್ರಕರಣ ಜಗತ್ತಿಗೆ ತೋರಿಸಿತು. ಓಡುತ್ತಿದ್ದ ಫೋರ್ಡ್ ಎಕ್ಸ್‌ಪ್ಲೋರರ್‌ಗಳ ಟ್ರೆಡ್ಡು ಕಿತ್ತು ಬಂದು, ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಆ ವಿಚಾರಣೆಯಲ್ಲಿ 26 ಪಿಎಸ್‌ಐ ಸಾಕೇ, 30 ಬೇಕೇ ಎಂಬುದೇ ದೊಡ್ಡ ವಾದವಾಗಿತ್ತು.

ವೀಲ್ ಅಲೈನ್‌ಮೆಂಟ್ ಮಾಡಿಸುವಾಗ ‘ಕಂಪನಿ ಲೆಕ್ಕಕ್ಕೆ ಇಡಿ’ ಎಂದಷ್ಟೇ ಹೇಳಿದರೆ ಸಾಲದು. ಆ ಲೆಕ್ಕ ಕ್ರಾಸ್‌ಪ್ಲೈಯದು. ಚಕ್ರದ ತಲೆ ಹೊರಕ್ಕೆ ವಾಲದೆ ನೆಟ್ಟಗೆ ಅಥವಾ ತುಸು ಒಳಕ್ಕೆ ಇರುವಂತೆ, ಟೋ-ಇನ್ (ಮುಂಚಕ್ರಗಳ ಮುಂದಿನ ಅಂಚು ಒಳಕ್ಕೆ ತಿರುಗಿರುವ ಪ್ರಮಾಣ) ಮೊದಲಿಗಿಂತ ಕಡಿಮೆ ಇರುವಂತೆ ಕೂರಿಸಲು ಹೇಳಬೇಕು. 50 ವರ್ಷ ದಾಟಿದ ಕಾರನ್ನು 2021ರ ಕೇಂದ್ರ ನಿಯಮದಡಿ ವಿಂಟೇಜ್ ಎಂದು ನೋಂದಾಯಿಸಲು ಬಯಸುವವರು ಮೂಲ ರಿಮ್ಮನ್ನೇ ಉಳಿಸಿಕೊಳ್ಳುವುದು ಒಳ್ಳೆಯದು. ಕಾರು ಮೂಲ ರೂಪದಲ್ಲಿರಬೇಕು ಎಂದು ಆ ನಿಯಮ ಕೇಳುತ್ತದೆ, ‘ವಿಎ’ ಸರಣಿಯ ಆ ನಂಬರು ಪಡೆದ ಮೇಲೆ ಕಾರನ್ನು ನಿತ್ಯ ಬಳಸುವಂತೆಯೂ ಇಲ್ಲ.

ಹೊಸ ಟೈರಿನ ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಬೇಕು. ಅಚ್ಚಿನಿಂದ ಬಂದ ನುಣುಪು ಸವೆದ ಮೇಲೆಯೇ ಹಿಡಿತ ಪೂರ್ತಿ ಬರುತ್ತದೆ. ಮೊದಲ 100 ಕಿಲೋಮೀಟರಿನೊಳಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಬೇಕು. ಡಿಕ್ಕಿಯಲ್ಲಿರುವ ಸ್ಟೆಪ್ನಿಯ ಮೇಲಿನ ಅಂಕಿಯನ್ನೂ ಅವತ್ತೇ ಓದಬೇಕು. ನಾಲ್ಕು ರೇಡಿಯಲ್‌ಗಳ ನಡುವೆ ಇಪ್ಪತ್ತು ವರ್ಷದ ನೈಲಾನ್ ಸ್ಟೆಪ್ನಿ ಇಟ್ಟುಕೊಂಡಿದ್ದರೆ, ಪಂಕ್ಚರ್ ಆದ ದಿನ ಕಾರು ಉಳಿದ ದಾರಿಯನ್ನು ಅದೇ ಬೆರಕೆ ಟೈರುಗಳ ಮೇಲೆ ಓಡಬೇಕಾಗುತ್ತದೆ. ಹಾಗಾಗಿ ಖರ್ಚಿನ ಲೆಕ್ಕ ಹಾಕುವಾಗ ನಾಲ್ಕಕ್ಕಲ್ಲ, ಐದು ಟೈರಿಗೆ ಹಾಕಬೇಕು.